ಕ್ಯಾಸೆಟ್ಟಿನ 'ಎ' ಬದಿಯಿಂದ ಡಾನ್ ಹೆನ್ಲಿಯವರಿಗೆ

ಮಾನ್ಯ ಡಾನ್ ಹೆನ್ಲಿಯವರಿಗೆ ದಾವಣಗೆರೆಯಿಂದ ನಮಸ್ಕಾರಗಳು.

ಇತ್ತ ನಾವೆಲ್ಲ ಕ್ಷೇಮ. ಮಳೆ ಬೆಳೆ ಸಾಧಾರಣ. ಅತ್ತ ನೀವು, ನಿಮ್ಮ ಗಂಟಲು, ನಿಮ್ಮ ಡ್ರಮ್ಮುಗಳು ಎಲ್ಲ ಕ್ಷೇಮವೆಂದು ನಂಬಿದ್ದೇನೆ. ನನ್ನ ಪರಿಚಯ ನಿಮಗಿಲ್ಲ. 1986ರಿಂದ ನಿಮ್ಮ ಹೋಟೆಲಿನ ಗಿರಾಕಿ ಅಂದುಕೊಳ್ಳಿ, ಸಾಕು. ಇಷ್ಟು ಹಳೆಯ ಗಿರಾಕಿ ಗಲ್ಲಾಪೆಟ್ಟಿಗೆಯ ಮುಂದೆ ನಿಂತು ನಾಲ್ಕು ಮಾತು ಗೊಣಗಿದರೆ ನಮ್ಮ ಕಡೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ದೂರು ಇಷ್ಟೆ: ನೀವು ನಿಮ್ಮ ಹಾಡಿನ ಅರ್ಥ ಹೇಳಬಾರದಿತ್ತು.

ಒಮ್ಮೆ ಬಾಯಿತಪ್ಪಿ ಹೇಳಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು. ನೀವು ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದೀರಿ. ಮುಗ್ಧತೆಯಿಂದ ಅನುಭವದತ್ತ ಸಾಗುವ ಪಯಣ ಅಂದಿರಿ. ಅಮೆರಿಕದ ಕನಸಿನ ಕಪ್ಪು ಮಗ್ಗುಲು ಅಂದಿರಿ, ಅತಿಭೋಗದ ಕಥೆ ಅಂದಿರಿ. ಊರಾಚೆಯ ಹಾಳು ಗುಡಿಯಲ್ಲಿ ವರ್ಷಗಟ್ಟಲೆ ನಿಧಿಗಾಗಿ ಅಗೆದವನಿಗೆ ಕೊನೆಗೂ ಪೆಟ್ಟಿಗೆ ಸಿಕ್ಕಿ, ಬೀಗ ಒಡೆದು ನೋಡಿದರೆ ಒಳಗೆ ಪಿಯುಸಿ ಗೈಡು ಇತ್ತಂತೆ. ನನ್ನ ಪಾಡು ಹಾಗಾಯಿತು. ಮುಗ್ಧತೆಯಿಂದ ಅನುಭವದತ್ತ ಎಂಬ ಉತ್ತರವನ್ನು ಯಾವ ಕಾದಂಬರಿಯ ಬಗ್ಗೆ ಕೇಳಿದರೂ ಐದು ಅಂಕಕ್ಕೆ ಬರೆಯಬಹುದು. ನಾನು ಬರೆದಿದ್ದೇನೆ, ನಾಲ್ಕು ಕೊಟ್ಟಿದ್ದರು.

ಪತ್ರ ಬಹಿರಂಗವಾದ್ದರಿಂದ ನಿಮಗೆ ಗೊತ್ತಿರುವುದನ್ನೇ ಓದುಗರಿಗಾಗಿ ಒಂದಿಷ್ಟು ಹೇಳಬೇಕು, ಸಹಿಸಿಕೊಳ್ಳಿ. ಹಾಡು 'ಹೋಟೆಲ್ ಕ್ಯಾಲಿಫೋರ್ನಿಯಾ'. ನಿಮ್ಮ ಈಗಲ್ಸ್ ತಂಡ ಅದೇ ಹೆಸರಿನ ಆಲ್ಬಮ್ಮನ್ನು 1976ರ ಡಿಸೆಂಬರಿನಲ್ಲಿ ಹೊರತಂದಿತು. ರಾಗದ ಮೂಲ ಡಾನ್ ಫೆಲ್ಡರ್ ಅವರದು, ಮಾತು ಬಹುಪಾಲು ನಿಮ್ಮದು, ಜೊತೆಗೆ ಗ್ಲೆನ್ ಫ್ರೈ. 1977ರ ಮೇ ತಿಂಗಳಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನ, ಮರುವರ್ಷ ಗ್ರ್ಯಾಮಿ. ಕಥೆ ಸರಳ. ಮರುಭೂಮಿಯ ಹೆದ್ದಾರಿಯಲ್ಲಿ ರಾತ್ರಿ ಗಾಡಿ ಓಡಿಸಿ ದಣಿದವನೊಬ್ಬ ದೂರದ ಬೆಳಕು ಕಂಡು ಅಲ್ಲಿಗೆ ಹೋಗುತ್ತಾನೆ. ಬಾಗಿಲಲ್ಲಿ ಹೆಂಗಸು, ಕೈಯಲ್ಲಿ ಮೊಂಬತ್ತಿ. ಒಳಗೆ ಕುಣಿತ, ಕುಡಿತ, ಮಾಡಿಗೆ ಕನ್ನಡಿ. ಕೊನೆಗೆ ಹೆದರಿ ಬಾಗಿಲಿನತ್ತ ಓಡುವಾಗ ರಾತ್ರಿ ಕಾವಲಿನವನು ತಡೆದು, ಇಲ್ಲಿಂದ ಹೊರಡುವ ಮಾತೇ ಇಲ್ಲವೆಂದು ತಿಳಿಸುತ್ತಾನೆ. ಆಮೇಲೆ ಎರಡು ನಿಮಿಷ ಗಿಟಾರುಗಳು ಮಾತಾಡುತ್ತವೆ, ಮನುಷ್ಯರು ಸುಮ್ಮನಿರುತ್ತಾರೆ.

ಈ ಕೊನೆಯ ಭಾಗ ನನ್ನ ಕ್ಯಾಸೆಟ್ಟಿನಲ್ಲಿ ಇರಲಿಲ್ಲ. ನನ್ನ ವ್ಯಾಖ್ಯಾನದ ಬುನಾದಿ ಅದೇ.

ಆಗ ನಾನು ಎಂಜಿನಿಯರಿಂಗ್ ಮೊದಲ ವರ್ಷ. ಖಾಲಿ ಕ್ಯಾಸೆಟ್ಟಿನ ಜೊತೆ ಹಾಡುಗಳ ಪಟ್ಟಿ ಕೊಟ್ಟರೆ ಎರಡು ದಿನದಲ್ಲಿ ತುಂಬಿಸಿಕೊಡುವ ಅಂಗಡಿ ಇತ್ತು. ಅರವತ್ತು ನಿಮಿಷದ ಕ್ಯಾಸೆಟ್ಟು, ಬದಿಗೆ ಮೂವತ್ತು. 'ಎ' ಬದಿಯ ಕಟ್ಟಕಡೆಗೆ ನಿಮ್ಮ ಹಾಡು. ಅಂಗಡಿಯವನು ಕೂಡಿ ಕಳೆದು ನೋಡುವ ಜಾತಿಯವನಲ್ಲ. ಆರೂವರೆ ನಿಮಿಷದ ಹಾಡು ನಾಲ್ಕು ನಿಮಿಷದ ಆಸುಪಾಸಿಗೆ ಬಂದಾಗ, ನಿಮ್ಮ ಪ್ರಯಾಣಿಕ ಬಾಗಿಲಿಗೆ ಓಡುತ್ತಿದ್ದಾಗ, ಟಕ್ ಎಂದು ಟೇಪು ಮುಗಿಯುತ್ತಿತ್ತು. ರೇಡಿಯೊದವರು ಮೂರು ನಿಮಿಷ ದಾಟಿದ ಹಾಡಿಗೆ ಮುಖ ಸಿಂಡರಿಸುತ್ತಿದ್ದ ಕಾಲದಲ್ಲಿ ನಿಮ್ಮ ರೆಕಾರ್ಡ್ ಕಂಪನಿ ಅದನ್ನು ಚಿಕ್ಕದು ಮಾಡಿ ಎಂದು ಕೇಳಿಕೊಂಡಿತ್ತಂತೆ. ನೀವು ಜಗ್ಗಲಿಲ್ಲ. ಅಮೆರಿಕದ ಕಂಪನಿಯ ಕೈಲಿ ಆಗದ್ದನ್ನು ನಮ್ಮೂರ ಅಂಗಡಿಯವನು ನಿಮ್ಮನ್ನು ಒಂದು ಮಾತೂ ಕೇಳದೆ ಮಾಡಿ ಮುಗಿಸಿದ್ದ.

ಹೀಗಾಗಿ ಎರಡು ವರ್ಷ ನನ್ನ ಪಾಲಿಗೆ ಆ ಮನುಷ್ಯ ತಪ್ಪಿಸಿಕೊಂಡಿದ್ದ. ಓಡಿದ, ಬಾಗಿಲು ದಾಟಿದ, ಹೋದ. ಎಂಥ ನೆಮ್ಮದಿಯ ಹಾಡು! ಪರೀಕ್ಷೆಯ ಹಿಂದಿನ ರಾತ್ರಿ ಕೇಳಿದರೆ ಧೈರ್ಯ ಬರುತ್ತಿತ್ತು.

ಇನ್ನು 'ಹೋಟೆಲ್' ಎಂಬ ಮಾತು. ನಿಮ್ಮ ಭಾಷೆಯಲ್ಲಿ ಅದು ಮಲಗುವ ಜಾಗ. ನಮ್ಮಲ್ಲಿ ತಿನ್ನುವ ಜಾಗ. ಮಲಗುವುದಕ್ಕೆ ಲಾಡ್ಜ್ ಬೇರೆ ಇದೆ. ನಿಮ್ಮ ಹಾಡಿನ ಹೆಸರು ಮೊದಲ ಸಲ ಕಿವಿಗೆ ಬಿದ್ದಾಗ ನನ್ನ ಕಣ್ಣ ಮುಂದೆ ಬಂದದ್ದು ಅಮೃತಶಿಲೆಯ ಮೇಜು, ಹಬೆಯಾಡುವ ಇಡ್ಲಿ, ಗೋಡೆಯ ಮೇಲೆ 'ಇಂದು ನಗದು ನಾಳೆ ಸಾಲ'. ಇದಕ್ಕೆ ಕಾರಣವೂ ಉಂಟು. ನನ್ನ ಸೋದರಮಾವನದು ದಾವಣಗೆರೆಯಲ್ಲಿ ಉಡುಪಿ ಹೋಟೆಲು. ಕುಂದಾಪುರದ ಕಡೆಯವರು, ಇಂಗ್ಲಿಷ್ ಬಾರದು. ಊಟದ ಗಲಾಟೆ ಮುಗಿದು ಸಂಜೆಯ ತಿಂಡಿಗೆ ಒಲೆ ಜೋರು ಮಾಡುವ ಮುಂಚಿನ ಮೂರು ಗಂಟೆಯ ಹೊತ್ತಿನಲ್ಲಿ ನಾನು ಟೇಪ್‌ರೆಕಾರ್ಡರ್ ಇಟ್ಟುಕೊಂಡು ಒಂದೊಂದೇ ಸಾಲಿನ ಅರ್ಥ ಹೇಳುವುದು, ಗಲ್ಲಾದಲ್ಲಿ ಕೂತ ಮಾವ ಚಿಲ್ಲರೆ ಎಣಿಸುತ್ತ ತೀರ್ಪು ಕೊಡುವುದು. ಹೋಟೆಲಿನ ಹಾಡಲ್ಲವೇ, ಪರಿಣತರ ಅಭಿಪ್ರಾಯ ಬೇಕಿತ್ತು.

"ಮೊಂಬತ್ತಿ ಹಿಡಿದು ದಾರಿ ತೋರಿಸುವುದು ಎಂತಕ್ಕೆ? ಕರೆಂಟ್ ಬಿಲ್ ಕಟ್ಟಲಿಲ್ಲವಾ?"

ವೈನ್ ಕೇಳಿದ ಗಿರಾಕಿಗೆ ಅಲ್ಲಿಯ ಮುಖ್ಯಸ್ಥ 1969ರಿಂದ ಆ 'ಸ್ಪಿರಿಟ್' ಇಲ್ಲಿಲ್ಲ ಎನ್ನುವ ಜಾಗಕ್ಕೆ ಬಂದಾಗ ಮಾವ ಎಣಿಸುವುದನ್ನೇ ನಿಲ್ಲಿಸಿದರು. "ಹದಿನೇಳು ವರ್ಷದಿಂದ ಸ್ಟಾಕ್ ಇಲ್ಲವಾ? ಇದ್ದದ್ದು ಖಾಲಿಯಾದರೆ ತರಿಸಬೇಕು, ಇಲ್ಲ ಬೋರ್ಡಿನಿಂದ ಅಳಿಸಬೇಕು. ಇಂಥ ಹೋಟೆಲು ಒಂದು ತಿಂಗಳು ನಡೆಯುವುದಿಲ್ಲ ಮಾರಾಯ."

ಮಾಡಿನ ಕನ್ನಡಿಯ ವಿಷಯ ಬಂದಾಗ ಅವರ ಮುಖ ನಿಜವಾಗಿಯೂ ಬಾಡಿತು. "ಅಷ್ಟು ಎತ್ತರದ ಕನ್ನಡಿ ಒರೆಸುವುದು ಯಾರು?"

ನಾನು ನಕ್ಕಿದ್ದೆ. ಇಂಗ್ಲಿಷ್ ಬಲ್ಲವನ ನಗೆ ಅದು, ಹೆನ್ಲಿಯವರೇ.

ಮೂರನೆಯ ವರ್ಷ ಹಾಸ್ಟೆಲಿಗೆ ಪೂರ್ತಿ ಹಾಡಿನ ಕ್ಯಾಸೆಟ್ಟು ಬಂತು. ಬಾಗಿಲಿಗೆ ಓಡಿದವನ ಮುಂದೆ ಕಾವಲಿನವನು ಪ್ರತ್ಯಕ್ಷನಾದ. ಸಾಲದ್ದಕ್ಕೆ ಫೆಲ್ಡರ್, ಜೋ ವಾಲ್ಷ್ ಇಬ್ಬರ ಗಿಟಾರುಗಳು. ಒಂದು ಎಲ್ಲಿ ಬಿಟ್ಟಿತು ಮತ್ತೊಂದು ಎಲ್ಲಿ ಹಿಡಿಯಿತು ತಿಳಿಯದ ಹಾಗೆ, ಕೊನೆಗೆ ಎರಡೂ ಹೆಗಲಿಗೆ ಹೆಗಲು ಕೊಟ್ಟು. ಎರಡು ವರ್ಷ ಅರ್ಧ ಹಾಡನ್ನು ಪೂರ್ತಿಯೆಂದು ನಂಬಿ, ಊರಿಗೆಲ್ಲ ಅರ್ಥ ಹೇಳಿದವನ ಅವಮಾನ ನಿಮಗೆ ಅರ್ಥವಾಗಲಾರದು. ಹಾಡು ಕೇಳಿ ಮುಗಿಸಿದವನೇ ಹೊಸ ಅರ್ಥದ ಬೇಟೆಗೆ ಬಿದ್ದೆ.

ಆ ಬೇಟೆಯಲ್ಲಿ ನಾನು ಒಬ್ಬನೇ ಇರಲಿಲ್ಲ. ಒಬ್ಬ ಸೀನಿಯರ್ ಪ್ರಕಾರ ಅದು ಸೈತಾನನ ಹಾಡು: ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1966ರಲ್ಲಿ ಆಂಟನ್ ಲಾವೇ ಎಂಬಾತ ಸೈತಾನನ ಚರ್ಚು ಶುರುಮಾಡಿದ, ಆಲ್ಬಮ್ಮಿನ ಒಳಚಿತ್ರದ ಬಾಲ್ಕನಿಯಲ್ಲಿ ಮಸುಕಾಗಿ ನಿಂತವನು ಅವನೇ. ಆಲ್ಬಮ್ಮಿನ ಒಳಚಿತ್ರ ನಾವ್ಯಾರೂ ಕಂಡಿರಲಿಲ್ಲ. ಆದ್ದರಿಂದ ಅನುಮಾನಕ್ಕೆ ಎಡೆಯಿರಲಿಲ್ಲ. ಇನ್ನೊಬ್ಬ ಅದು ಹೆರಾಯಿನ್ ಅಂದ. ಮೆಡಿಕಲ್ ಓದುತ್ತಿದ್ದ ಗೆಳೆಯನ ವ್ಯಾಖ್ಯಾನ ಮಾತ್ರ ಶಾಸ್ತ್ರೀಯವಾಗಿತ್ತು. ಹಾಡಿನ ಮೊದಲಲ್ಲೇ ಗಾಳಿಯಲ್ಲಿ ತೇಲಿಬರುವ 'ಕೊಲಿಟಾಸ್' ಎಂಬುದರ ಬೆಚ್ಚನೆಯ ವಾಸನೆ ಇದೆಯಲ್ಲ, ಆ ಶಬ್ದ ನಮ್ಮ ಯಾವ ನಿಘಂಟಿನಲ್ಲೂ ಇರಲಿಲ್ಲ. ಅವನ ಪಠ್ಯಪುಸ್ತಕದಲ್ಲಿ 'ಕೊಲೈಟಿಸ್' ಇತ್ತು: ದೊಡ್ಡ ಕರುಳಿನ ಉರಿಯೂತ. ಅಲ್ಲಿಂದ ಮುಂದೆ ಎಲ್ಲ ಸಲೀಸು. ಹಾಡಿನಲ್ಲಿ ಬರುವ ಸ್ಪಿರಿಟ್? ಸೂಜಿ ಚುಚ್ಚುವ ಮೊದಲು ಕಾಂಪೌಂಡರು ಹತ್ತಿಯಲ್ಲಿ ಒರೆಸುತ್ತಾನಲ್ಲ, ಅದೇ. 1969ರಿಂದ ಸ್ಪಿರಿಟ್ಟಿಲ್ಲ, ರಾತ್ರಿಪಾಳಿಯವನು ಹೊರಗೆ ಬಿಡುವುದಿಲ್ಲ. "ಸರ್ಕಾರಿ ಆಸ್ಪತ್ರೆ ಕಣೋ," ಅಂದ.

ನಗಬೇಡಿ. ನಿಮ್ಮ ದೇಶದಲ್ಲೇ ಅದು ಕ್ಯಾಮರಿಲೊ ಎಂಬಲ್ಲಿಯ ಸರ್ಕಾರಿ ಮಾನಸಿಕ ಆಸ್ಪತ್ರೆಯ ಹಾಡೆಂದು ನಂಬಿದವರು ಎಷ್ಟೋ ಮಂದಿ ಇದ್ದರೆಂದು ಮುಂದೆ ಓದಿದೆ. 1997ರಲ್ಲಿ ಆ ಆಸ್ಪತ್ರೆ ಮುಚ್ಚಿತು, ಈಗ ಅಲ್ಲಿ ವಿಶ್ವವಿದ್ಯಾಲಯವಿದೆ. ನನ್ನ ಗೆಳೆಯ ದಾವಣಗೆರೆಯಲ್ಲಿ ಕೂತು, ತಪ್ಪು ಶಬ್ದ ಹಿಡಿದು, ಕ್ಯಾಲಿಫೋರ್ನಿಯಾದವರು ಮುಟ್ಟಿದ ಅದೇ ತಪ್ಪು ಊರಿಗೆ ಹೋಗಿ ಮುಟ್ಟಿದ್ದ. 'ಕೊಲಿಟಾಸ್' ಎಂದರೆ ಸ್ಪ್ಯಾನಿಷ್‌ನಲ್ಲಿ ಪುಟ್ಟ ಬಾಲಗಳು, ಗಾಂಜಾದ ಮೊಗ್ಗಿಗೆ ಆಡುಮಾತು ಎಂದು ಗೊತ್ತಾಗುವ ಹೊತ್ತಿಗೆ ಅವನು ಕರುಳಿನ ಡಾಕ್ಟರೇ ಆಗಿದ್ದ.

ಅರ್ಥವಾಗದ ಮಾತು ನಮಗೆ ಹೊಸದೇನಲ್ಲ. ಅಲ್ಲಮಪ್ರಭುವಿನ ಬೆಡಗಿನ ವಚನಗಳಿಗೆ ಒಂದೊಂದು ಶಬ್ದ ಬಿಡಿಸಿ ಟೀಕೆ ಬರೆದವರ ನಾಡು ಇದು. ಶಿಶುನಾಳ ಶರೀಫರ ಕೋಡಗನ ಕೋಳಿ ಯಾಕೆ ನುಂಗಿತೆಂದು ಈಗಲೂ ಜಗಲಿಯ ಮೇಲೆ ವಾದ ನಡೆಯುತ್ತದೆ. ಅಲ್ಲಮ ಮಾಡಿದ ದೊಡ್ಡ ಉಪಕಾರ ಏನು ಗೊತ್ತೆ? ಯಾವ ಪತ್ರಿಕೆಗೂ ಸಂದರ್ಶನ ಕೊಡಲಿಲ್ಲ. ಟೀಕಾಕಾರರ ಹೊಟ್ಟೆಯ ಮೇಲೆ ಹೊಡೆಯಲಿಲ್ಲ.

ನೀವು ಹೊಡೆದಿರಿ. ಉಕ್ಕಿನ ಕತ್ತಿಗಳಿಂದ ಮೃಗವನ್ನು ಇರಿದರೂ ಅದು ಸಾಯದ ಸಾಲಿನ ಮೇಲೆ ನಾನೊಂದು ವೇದಾಂತವನ್ನೇ ಕಟ್ಟಿದ್ದೆ: ಮೃಗ ಎಂದರೆ ಮನಸ್ಸು, ಕತ್ತಿ ಎಂದರೆ ವಿಚಾರ, ಇತ್ಯಾದಿ. ನೋಡಿದರೆ ಆ ಉಕ್ಕು ಸ್ಟೀಲಿ ಡ್ಯಾನ್ ಎಂಬ ನೆರೆಯ ತಂಡಕ್ಕೆ ಹೊಡೆದ ಕಣ್ಣು. ಅವರು 1976ರ ತಮ್ಮ ಹಾಡೊಂದರಲ್ಲಿ ನಿಮ್ಮ ತಂಡದ ಹೆಸರೆತ್ತಿ ಕಾಲೆಳೆದಿದ್ದರು, ನೀವು ತಿರುಗಿ ಎಳೆದಿರಿ. ಇಬ್ಬರಿಗೂ ಮ್ಯಾನೇಜರ್ ಒಬ್ಬನೇ ಬೇರೆ. ನನ್ನ ವೇದಾಂತ ಪಕ್ಕದ ಮನೆಯವರ ಚೇಷ್ಟೆಯ ಮೇಲೆ ನಿಂತಿತ್ತು.

ವೈನಿನ ವಿಚಾರದಲ್ಲಿ ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. 2009ರಲ್ಲಿ ಪತ್ರಕರ್ತರೊಬ್ಬರು, ವೈನನ್ನು ಹುದುಗಿಸುತ್ತಾರೆ, ಭಟ್ಟಿ ಇಳಿಸುವುದಿಲ್ಲ, ಅದನ್ನು ಸ್ಪಿರಿಟ್ ಎನ್ನಬಹುದೇ ಎಂದು ಕೇಳಿಬಿಟ್ಟರು. ನೀವು ತಾಳ್ಮೆಗೆಟ್ಟು, ಅದು ಮದ್ಯದ ಮಾತಲ್ಲ, ಸಾಮಾಜಿಕ ರಾಜಕೀಯ ಮಾತು ಎಂದಿರಿ. ಒಪ್ಪಿದೆ. 1969ರ ಆಗಸ್ಟಿನಲ್ಲಿ ವುಡ್‌ಸ್ಟಾಕ್ ಸಂಗೀತೋತ್ಸವ ಆಯಿತು. ನಾಲ್ಕೇ ತಿಂಗಳಲ್ಲಿ, ನಿಮ್ಮ ಕ್ಯಾಲಿಫೋರ್ನಿಯಾದ ಆಲ್ಟಮಾಂಟ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಹಾಡುತ್ತಿದ್ದಾಗಲೇ ವೇದಿಕೆಯ ಮುಂದೆ ಒಬ್ಬ ಯುವಕ ಇರಿತಕ್ಕೆ ಬಲಿಯಾದ. ಒಂದು ಕಾಲದ ಸ್ಪಿರಿಟ್, ಅಂದರೆ ಚೈತನ್ಯ, ಆ ವರ್ಷಕ್ಕೆ ಬತ್ತಿತು ಎಂಬುದು ನಿಮ್ಮ ಇಂಗಿತವಾದರೆ ತಲೆಬಾಗುತ್ತೇನೆ. ಆದರೂ ಮಾವ ಮತ್ತು ಆ ಪತ್ರಕರ್ತ, ಇಬ್ಬರೂ ಒಂದೇ ಸಾಲಿಗೆ ಬಂದು ಸರಕಿನ ಲೆಕ್ಕ ಕೇಳಿದರಲ್ಲ, ಅದು ಸಣ್ಣ ಸಂಗತಿಯಲ್ಲ.

ಕಟ್ಟಡ ಹುಡುಕಿಕೊಂಡು ಹೋದವರ ಕಥೆ ಬೇಡ ಬಿಡಿ. ಆಲ್ಬಮ್ಮಿನ ಮುಖಪುಟದಲ್ಲಿರುವುದು 1912ರ ಬೆವರ್ಲಿ ಹಿಲ್ಸ್ ಹೋಟೆಲು ಎಂದು ಎಲ್ಲರಿಗೂ ಗೊತ್ತು. ಮೆಕ್ಸಿಕೊದ ಟೊಡೊಸ್ ಸಾಂಟೊಸ್‌ನಲ್ಲಿ ಇದೇ ಹೆಸರಿನ ಹೋಟೆಲೊಂದಿದೆ. ಅದರ ಮೇಲೆ ನೀವು 2017ರಲ್ಲಿ ದಾವೆ ಹೂಡಿ ಮರುವರ್ಷ ರಾಜಿಯಾದಿರಿ. ಅರ್ಥ ಎಲ್ಲರಿಗೂ ಬಿಟ್ಟದ್ದು, ಅಂಗಿಯ ಮೇಲೆ ಹೆಸರು ಅಚ್ಚು ಹಾಕುವುದು ಮಾತ್ರ ನಿಮಗೆ ಬಿಟ್ಟದ್ದು. ಸರಿಯೇ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ.

ಪೂರ್ತಿ ಹಾಡು ಸಿಕ್ಕಿದ ವಾರವೇ ಮಾವನ ಹೋಟೆಲಿಗೆ ಹೋದೆ, ಅದೇ ಮೂರು ಗಂಟೆಗೆ. ಹಿಂದೆ ಹೇಳಿದ್ದು ತಪ್ಪು ಮಾವ, ಅವನು ತಪ್ಪಿಸಿಕೊಳ್ಳಲಿಲ್ಲ, ಕೊನೆಯಲ್ಲಿ ರಾತ್ರಿ ಕಾವಲಿನವನು ಹಿಡಿದು ನಿಲ್ಲಿಸುತ್ತಾನೆ, ಎಂದು ವಿವರಿಸಿದೆ. ಗಿಟಾರು ಮುಗಿಯುವವರೆಗೂ ಅವರು ಚಿಲ್ಲರೆ ಮುಟ್ಟಲಿಲ್ಲ. ಆಮೇಲೆ ಕೇಳಿದರು:

"ಆ ಕಾವಲಿನವನು ಅಲ್ಲಿ ಎಷ್ಟು ವರ್ಷದಿಂದ ಇದ್ದಾನಂತೆ?"

ಹಾಡಿನಲ್ಲಿ ಹೇಳಿಲ್ಲ ಅಂದೆ.

"ಗಿರಾಕಿ ನಿನ್ನೆ ಬಂದವನು. ಹೋಗಲಿಕ್ಕೆ ಆಗುವುದಿಲ್ಲ ಅಂತ ಕಾವಲಿನವನಿಗೆ ಹೇಗೆ ಗೊತ್ತು ಮಾಣಿ? ಅವನು ಮೊದಲೇ ನೋಡಿದ್ದಾನೆ."

ಮಾಣಿ ಎಂದರೆ ನಮ್ಮ ಕರಾವಳಿಯ ಮಾತಿನಲ್ಲಿ ಹುಡುಗ. ಉಡುಪಿ ಹೋಟೆಲಿನಲ್ಲಿ ತಿಂಡಿ ತಂದುಕೊಡುವವನನ್ನೂ ಹಾಗೇ ಕರೆಯುತ್ತಾರೆ. ಮಾವ ಹನ್ನೆರಡನೆಯ ವಯಸ್ಸಿಗೆ ಊರು ಬಿಟ್ಟು, ಘಟ್ಟ ಹತ್ತಿ, ಯಾರದೋ ಹೋಟೆಲಿನಲ್ಲಿ ಲೋಟ ತೊಳೆಯಲು ಸೇರಿದವರು. ರಾತ್ರಿ ಬಾಗಿಲು ಹಾಕಿದ ಮೇಲೆ ಎರಡು ಬೆಂಚು ಜೋಡಿಸಿ ಮಲಗುತ್ತಿದ್ದರು. ಬೆಳಗಿನ ನಾಲ್ಕಕ್ಕೆ ಒಲೆಗೆ ಬೆಂಕಿ. ಹೋಗಬೇಡ ಎಂದು ಯಾರೂ ತಡೆದಿರಲಿಲ್ಲವಂತೆ. ಸಂಬಳ ಯಜಮಾನರ ಬಳಿಯೇ ಜಮಾ ಇರುತ್ತಿತ್ತು, ಅಷ್ಟೆ. ಆರು ವರ್ಷ ಊರು ಕಂಡಿರಲಿಲ್ಲ. ಇದನ್ನು ಅವರು ದುಃಖದಿಂದ ಹೇಳಲಿಲ್ಲ. ಹೇಳುತ್ತಲೇ ಒಳಗೆ ಕೂಗಿ ಬಜ್ಜಿಗೆ ಎಣ್ಣೆ ಇಡಿಸಿದರು.

ಹೆನ್ಲಿಯವರೇ, ನಿಮ್ಮ ಹಾಡಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಪ್ರಯಾಣಿಕ ಯಾರು, ಬಾಗಿಲ ಹೆಂಗಸು ಯಾರು, ಮೃಗ ಯಾವುದು, ಎಲ್ಲಕ್ಕೂ ಉತ್ತರ ಇದೆ. ಟೆಕ್ಸಸ್ಸಿನಿಂದ ನೀವು, ಡೆಟ್ರಾಯಿಟಿನಿಂದ ಫ್ರೈ, ಫ್ಲಾರಿಡಾದಿಂದ ಫೆಲ್ಡರ್, ಹೀಗೆ ತಂಡದ ಐವರಲ್ಲಿ ಒಬ್ಬರೂ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದವರಲ್ಲ, ರಾತ್ರಿ ಹೊತ್ತು ದೂರದಿಂದ ಲಾಸ್ ಏಂಜಲೀಸಿನ ಬೆಳಕು ಕಂಡು ಬಂದವರೇ, ಆದ್ದರಿಂದ ಆ ಪ್ರಯಾಣಿಕ ನೀವೇ ಎಂಬುದೂ ಗೊತ್ತಿದೆ. ಕಾವಲಿನವನ ಸುದ್ದಿ ಎತ್ತಿದವರನ್ನು ನಾನು ಕಂಡದ್ದು ಒಬ್ಬರನ್ನೇ, ಅವರು ಗಲ್ಲಾದಲ್ಲಿ ಕೂತಿದ್ದರು.

ಅಂದಿನಿಂದ ನನ್ನ ಓದು ಕೆಟ್ಟಿತು. ಫೆಲ್ಡರ್ ಹೇಳಿಕೊಂಡ ಒಂದು ಸಂಗತಿ ಇದೆ. ಮಾಲಿಬು ಕಡಲತೀರದ ಬಾಡಿಗೆ ಮನೆಯಲ್ಲಿ ಅವರು ಈ ರಾಗ ಕಟ್ಟಿ ಕ್ಯಾಸೆಟ್ಟಿಗೆ ಹಾಕಿದ್ದರು. ನೀವೆಲ್ಲ ಆಗ ಅದನ್ನು ತಮಾಷೆಗೆ 'ಮೆಕ್ಸಿಕನ್ ರೆಗ್ಗೆ' ಎನ್ನುತ್ತಿದ್ದಿರಿ. ಮುಂದೆ ಮಯಾಮಿಯ ಸ್ಟುಡಿಯೊದಲ್ಲಿ ಕೊನೆಯ ಗಿಟಾರು ನುಡಿಸಲು ಕೂತಾಗ ನೀವು ತಡೆದು, ಕ್ಯಾಸೆಟ್ಟಿನಲ್ಲಿ ಇದ್ದ ಹಾಗೇ ಬರಬೇಕು ಎಂದು ಹಟ ಹಿಡಿದಿರಿ. ಕ್ಯಾಸೆಟ್ಟು ಇದ್ದದ್ದು ಲಾಸ್ ಏಂಜಲೀಸಿನ ಮನೆಯಲ್ಲಿ. ಫೆಲ್ಡರ್ ಮನೆಗೆಲಸದಾಕೆಗೆ ಫೋನು ಮಾಡಿದರು. ಆಕೆ ಹುಡುಕಿ, ಟೇಪಿಗೆ ಹಾಕಿ, ಫೋನನ್ನು ಅದರ ಪಕ್ಕ ಹಿಡಿದು ನಿಂತಳು. ಇತ್ತ ಮಯಾಮಿಯಲ್ಲಿ ಅದನ್ನು ಧ್ವನಿಮುದ್ರಿಸಿಕೊಂಡು, ಕೇಳಿ, ಮತ್ತೆ ಕಲಿತು ನುಡಿಸಿದರು. ಲೋಕ ತಲೆದೂಗುವ ಆ ಎರಡು ನಿಮಿಷ ಒಬ್ಬ ಮನೆಗೆಲಸದಾಕೆಯ ಕೈಯಲ್ಲಿದ್ದ ಫೋನಿನ ಮೂಲಕ ಹಾದು ಬಂದಿದೆ. ಹಾಡಿನ ಅರ್ಥ ಏನೆಂದು ಅವಳನ್ನು ಯಾರಾದರೂ ಕೇಳಿದರೋ? ಕೇಳಿದ್ದರೆ ಮಾಡಿನ ಕನ್ನಡಿಯ ಬಗ್ಗೆ ಅವಳೂ ಮಾವನೂ ಒಂದೇ ಮಾತು ಹೇಳುತ್ತಿದ್ದರು ಎಂಬ ಗುಮಾನಿ ನನ್ನದು.

2024ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಈ ಆಲ್ಬಮ್ಮಿನ ಕೈಬರಹದ ಕರಡುಗಳು, ಸುಮಾರು ನೂರು ಪುಟ, ಯಾರ ಸ್ವತ್ತು ಎಂಬ ಮೊಕದ್ದಮೆ ನಡೆಯಿತು. ನೀವೇ ಹೋಗಿ ಸಾಕ್ಷಿ ಹೇಳಿದಿರಿ. ಮಾರ್ಚಿನಲ್ಲಿ ವಿಚಾರಣೆಯ ನಡುವೆಯೇ ಸರ್ಕಾರಿ ವಕೀಲರು ಕೈಬಿಟ್ಟರು. ಆ ನೂರು ಪುಟ ಯಾರದಾದರೂ ಆಗಲಿ, ಅರ್ಧ ಗಂಟೆ ನನ್ನ ಕೈಗೆ ಕೊಡಿಸಿ. ನಿಮ್ಮ ಪ್ರಯಾಣಿಕನ ಕಡೆ ತಿರುಗಿಯೂ ನೋಡುವುದಿಲ್ಲ. ಅಂಚಿನಲ್ಲಿ ಎಲ್ಲಾದರೂ, ಹೊಡೆದುಹಾಕಿದ ಒಂದು ಸಾಲಿನಲ್ಲಾದರೂ, ಕಾವಲಿನವನಿಗೊಂದು ಹೆಸರು ಇಟ್ಟಿದ್ದಿರೋ ಎಂದು ಹುಡುಕಿ ವಾಪಸು ಕೊಡುತ್ತೇನೆ.

ಬೆಂಗಳೂರಿನ ಪಬ್ಬುಗಳಲ್ಲಿ ನಿಮ್ಮ ಹಾಡನ್ನು ರಾತ್ರಿಯ ಕೊನೆಗೆ ನುಡಿಸುವುದನ್ನು ಬಹಳ ಸಲ ಕೇಳಿದ್ದೇನೆ. ಎಲ್ಲರೂ ಕಣ್ಣುಮುಚ್ಚಿ ಹೊರಹೋಗಲಾಗದ ಸಂಕಟವನ್ನು ಜೋರಾಗಿ ಹಾಡುತ್ತಾರೆ. ಬಿಲ್ಲು ಕಟ್ಟಿ, ಗಾಡಿ ಹತ್ತಿ ಹೊರಡುತ್ತಾರೆ. ಎಂಜಲು ಮೇಜು ಒರೆಸುವ ಹುಡುಗ ಅಲ್ಲೇ ಇರುತ್ತಾನೆ. ನಿಮ್ಮದೂ ಈಚೆಗೆ ಲಾಸ್ ವೇಗಾಸ್‌ನ ಸ್ಫಿಯರ್ ಎಂಬ ಸಭಾಂಗಣದಲ್ಲಿ ಕಛೇರಿ ನಡೆಯಿತು: ಮರುಭೂಮಿ, ದೂರದಿಂದಲೇ ಕಾಣುವ ಬೆಳಕು, ಸುತ್ತ ಬರೀ ಹೋಟೆಲುಗಳು. ಇದಕ್ಕೆ ಟೀಕೆ ಬರೆಯುವ ಕಷ್ಟ ನೀವು ಯಾರಿಗೂ ಉಳಿಸಿಲ್ಲ.

ಹಾಗಾಗಿ ನನ್ನ ಬೇಡಿಕೆ ತೀರ ಸಣ್ಣದು. ಮುಗ್ಧತೆ, ಅನುಭವ, ಅಮೆರಿಕದ ಕನಸು ಎಲ್ಲ ನಿಮ್ಮ ಹತ್ತಿರವೇ ಇರಲಿ. ಮುಂದಿನ ಸಂದರ್ಶನದಲ್ಲಿ ಯಾರಾದರೂ ಅರ್ಥ ಕೇಳಿದರೆ, ಆ ರಾತ್ರಿ ಕಾವಲಿನವನು ಯಾವ ಊರಿನವನು, ಎಷ್ಟನೆಯ ವಯಸ್ಸಿಗೆ ಬಂದ, ಸಂಬಳ ಕೈಗೆ ಸಿಗುತ್ತಿತ್ತೋ ಯಜಮಾನರ ಬಳಿ ಜಮಾ ಇರುತ್ತಿತ್ತೋ, ಇಷ್ಟು ಹೇಳಿಬಿಡಿ. ಮಾವ ತೀರಿಕೊಂಡು ಹತ್ತು ವರ್ಷವಾಯಿತು. ಹೋಟೆಲು ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಉತ್ತರವನ್ನು ನನ್ನ ವಿಳಾಸಕ್ಕೇ ಬರೆದರೆ ಆಯಿತು.

ಇತಿ ನಿಮ್ಮ ವಿಶ್ವಾಸಿ,
'ಎ' ಬದಿಯ ಒಬ್ಬ ಹಳೆಯ ಗಿರಾಕಿ

ತಾ.ಕ.: ವೈನಿನ ಬಗ್ಗೆ ಮಾವನ ತೀರ್ಪು ಕೊನೆಯವರೆಗೂ ಬದಲಾಗಲಿಲ್ಲ. ಸಾಮಾಜಿಕ ರಾಜಕೀಯ ಅರ್ಥ ಇದೆಯಂತೆ ಎಂದು ಫೋನಿನಲ್ಲಿ ಹೇಳಿ ನೋಡಿದೆ. "ಇರಲಿ, ಬೋರ್ಡಿನಿಂದ ಅಳಿಸಲಿಕ್ಕೆ ಎಂತ ಕಷ್ಟ?" ಅಂದರು.